ಕಾಲು ಕೋವಿಗೆ, ತಲೆ ಕಣ್ಣಿಗೆ: ಬೆಟ್ಟದ ಬೇಟೆಗೆ ಕೊಂಡ ಟ್ರೈಪಾಡ್

ಮೊದಲೇ ಹೇಳಿಬಿಡುತ್ತೇನೆ, ಇದು ಊರಿನಲ್ಲಿ ಉಪಯೋಗಕ್ಕೆ ಬರುವ ರಿವ್ಯೂ ಅಲ್ಲ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ, ಅದು ಹಾಗೇ ಇರಲಿ. ನಾನಿರುವುದು ಅಮೆರಿಕದ ಕೊಲರಾಡೊದಲ್ಲಿ. ಇಲ್ಲಿ ಬೇಟೆಗೆ ಸೀಸನ್ ಇದೆ, ಲೈಸೆನ್ಸ್ ಇದೆ, ಅದಕ್ಕೂ ಮೊದಲು ಹಂಟರ್ ಎಜುಕೇಶನ್ ಅಂತ ಒಂದು ಕೋರ್ಸ್ ಇದೆ. ಗ್ರೀನ್ ಕಾರ್ಡ್ ಕೈಗೆ ಬಂದ ವರ್ಷವೇ ನಾನು ಆ ಕೋರ್ಸ್ ಮುಗಿಸಿದೆ.

ನಮ್ಮ ಊರು ಕೊಡಗಿನ ವಿರಾಜಪೇಟೆ ಹತ್ತಿರ. ಕೈಲ್ ಪೊಳ್ದ್, ಅಂದರೆ ನಮ್ಮ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವುದನ್ನು ನೋಡುತ್ತಾ ಬೆಳೆದವನು. ಅಲ್ಲಿ ಯಾರೂ ಕೋವಿಯನ್ನು ಮೂರು ಕಾಲಿನ ಮೇಲೆ ಇಡುವುದಿಲ್ಲ. ಎಡಗೈ, ಹೆಗಲು, ಉಸಿರು, ಅಷ್ಟೇ. ಹಾಗಾಗಿ ಆಫೀಸಿನ ಗೆಳೆಯ ಮೊದಲ ಸಲ ಟ್ರೈಪಾಡ್ ತಗೋ ಅಂದಾಗ ನಾನು ಕ್ಯಾಮೆರಾ ವಿಷಯ ಅಂದುಕೊಂಡೆ.

ಕೊಲರಾಡೊ ಬೆಟ್ಟಗಳಲ್ಲಿ ಬೇಟೆ ಅಂದರೆ ನಡೆಯುವುದಕ್ಕಿಂತ ಕೂತು ನೋಡುವುದೇ ಜಾಸ್ತಿ. ಇಲ್ಲಿಯವರು ಗ್ಲಾಸಿಂಗ್ ಅನ್ನುತ್ತಾರೆ. ಬೆಳಕು ಹರಿಯುವ ಮೊದಲೇ ಒಂದು ಎತ್ತರದ ಜಾಗ ಹಿಡಿದು, ಎದುರಿನ ಇಳಿಜಾರನ್ನು ಬೈನಾಕ್ಯುಲರಿನಲ್ಲಿ ಗದ್ದೆ ಉತ್ತ ಹಾಗೆ ಸಾಲು ಸಾಲಾಗಿ ನೋಡುತ್ತಾ ಹೋಗಬೇಕು. ಅಕ್ಟೋಬರ್ ಕೊನೆಗೆ ಇಲ್ಲಿಯ ದೊಡ್ಡ ಕಿವಿಯ ಜಿಂಕೆ, ಮ್ಯೂಲ್ ಡಿಯರಿನ ಮೈಬಣ್ಣಕ್ಕೂ ಒಣ ಪೊದೆಗೂ ಏನೂ ವ್ಯತ್ಯಾಸ ಇರುವುದಿಲ್ಲ. ಎಷ್ಟೋ ಹೊತ್ತು ನೋಡಿದ ಮೇಲೆ ಒಂದು ಪೊದೆ ಕಿವಿ ಅಲ್ಲಾಡಿಸುತ್ತದೆ. ನನ್ನ ಹತ್ತಿರ ಇರುವುದು 15x56, ಅಂದರೆ 15 ಪಟ್ಟು ದೊಡ್ಡದು ಮಾಡಿ ತೋರಿಸುವ, 56 ಮಿಲಿಮೀಟರ್ ಗಾಜಿನ ಬೈನಾಕ್ಯುಲರ್. ಅದನ್ನು ಕೈಯಲ್ಲಿ ಹಿಡಿದರೆ ನಿಮ್ಮ ಎದೆ ಬಡಿತವೇ ಕಾಣಿಸುತ್ತದೆ, ಕಿವಿ ಕಾಣಿಸುವುದಿಲ್ಲ.

ಮೊದಲ ವರ್ಷ ಒಯ್ದದ್ದು ಮನೆಯಲ್ಲೇ ಬಿದ್ದಿದ್ದ ಟ್ರಾವೆಲ್ ಟ್ರೈಪಾಡ್. ಐದು ಮಡಿಕೆಯ ಸಪೂರ ಕಾಲು, ನಡುವೆ ಮೇಲಕ್ಕೆಳೆಯುವ ಕಂಬ, ತೂಕ 1.1 ಕಿಲೋ. ಕಂಪನಿ ಹೆಸರು ಬೇಡ, ಅವರು ಅದನ್ನು ಬೇಟೆಗೆ ಅಂತ ಮಾಡಿದ್ದೇ ಅಲ್ಲ. ಗನ್ನಿಸನ್ ಕಡೆ ಸುಮಾರು 10,000 ಅಡಿ ಎತ್ತರದ ಒಂದು ದಿಣ್ಣೆಯ ಮೇಲೆ ಕೂತಿದ್ದೆವು. ಗಾಳಿ ಬೀಸಿದಾಗಲೆಲ್ಲ ಎದುರಿನ ಬೆಟ್ಟ ನಡುಗುತ್ತಿತ್ತು. ಆದರೂ ಒಂದು ಗಂಡು ಮ್ಯೂಲ್ ಡಿಯರ್ ಸಿಕ್ಕಿತು, 280 ಗಜದಲ್ಲಿ. ಬೈನಾಕ್ಯುಲರ್ ತೆಗೆದು ರೈಫಲ್ ಸಿಕ್ಕಿಸಿದೆ. ಗುರಿ ಸರಿಮಾಡೋಣ ಅಂತ ಬಾಲ್ ಹೆಡ್ಡಿನ (ಕಾಲುಗಳ ಮೇಲೆ ಕೂರುವ, ಎಲ್ಲ ಕಡೆಗೂ ತಿರುಗುವ ತಲೆಯ) ತಿರುಪು ಒಂಚೂರು ಸಡಿಲಿಸಿದ್ದೇ ತಡ, ಬಾಳೆಗೊನೆ ವಾಲಿದ ಹಾಗೆ ರೈಫಲ್ ಪಕ್ಕಕ್ಕೆ ಮಗುಚಿತು. ಸ್ಕೋಪ್ ಬಂಡೆಗೆ ಬಡಿದ ಸದ್ದು ಕೇಳಿ ಡಿಯರ್ ತಲೆ ಎತ್ತಿ ನೋಡಿತು. ಓಡಲಿಲ್ಲ ಸಹ. ಸುಮ್ನೆ ನಡೆದುಕೊಂಡು ಮರಗಳ ಒಳಗೆ ಹೋಯಿತು. ಇನ್ನೂ ಚೇಂಬರಿಗೆ ಗುಂಡು ಹಾಕಿರಲಿಲ್ಲ, ಅದೊಂದೇ ಪುಣ್ಯ.

ಆ ಚಳಿಗಾಲವಿಡೀ ಟ್ರೈಪಾಡ್ ಹುಡುಕಿದೆ. ಅರ್ಥವಾದ ಮುಖ್ಯ ವಿಷಯ ಒಂದೇ. ನೋಡುವ ಕೆಲಸಕ್ಕೂ ಹೊಡೆಯುವ ಕೆಲಸಕ್ಕೂ ಬೇಕಾಗಿರುವುದು ಬೇರೆ ಬೇರೆ. ಕಣ್ಣಿಗೆ ಬೇಕಾಗಿರುವುದು ಬೆಣ್ಣೆಯ ಹಾಗೆ ಜಾರುವ, ಬಿಟ್ಟಲ್ಲೇ ನಿಲ್ಲುವ ಹೆಡ್. ಕೋವಿಗೆ ಬೇಕಾಗಿರುವುದು ಅಲುಗದ ಕಾಲು. 100 ಗಜದಲ್ಲಿ ಒಂದು ಇಂಚು ಅಲ್ಲಾಡುವ ಗುರಿ 300 ಗಜದಲ್ಲಿ ಮೂರು ಇಂಚು ಅಲ್ಲಾಡುತ್ತದೆ. ಡಿಯರಿನ ಎದೆಯಲ್ಲಿ ಹೊಡೆಯಬಹುದಾದ ಜಾಗ ಒಂದು ಊಟದ ತಟ್ಟೆಯಷ್ಟು. ಲೆಕ್ಕ ನೀವೇ ಹಾಕಿ. ಆದ್ದರಿಂದ ಕಾಲನ್ನು ಕೋವಿಗೆ ಅಂತ ಕೊಳ್ಳಿ, ತಲೆಯನ್ನು ಕಣ್ಣಿಗೆ ಅಂತ ಕೊಳ್ಳಿ. ತಿರುಗಾಮುರುಗಾ ಮಾಡಿದರೆ ನನ್ನ ಮೊದಲ ವರ್ಷದ ಕಥೆಯೇ.

ಗೆಳೆಯನ ಹತ್ತಿರ ಇರುವುದು ರಿಯಲಿ ರೈಟ್ ಸ್ಟಫ್. ಪಕ್ಕದ ಯೂಟಾ ರಾಜ್ಯದ ಕಂಪನಿ. ಅದರ ಮೇಲೆ ರೈಫಲಿಗೆ ಅಂತಲೇ ಮಾಡಿದ ಆನ್ವಿಲ್-30 ಹೆಡ್. ಒಮ್ಮೆ ಮುಟ್ಟಿ ನೋಡಿದರೆ ಆಸೆ ಹುಟ್ಟುತ್ತದೆ, ನಿಜ. ಆದರೆ ಕಾಲು, ಹೆಡ್ ಸೇರಿ ಸಾವಿರ ಡಾಲರ್ ದಾಟುತ್ತದೆ. ವರ್ಷಕ್ಕೆ ಐದಾರು ದಿನ ಬೆಟ್ಟಕ್ಕೆ ಹೋಗುವ ನನ್ನಂಥವನು ಅಷ್ಟು ಸುರಿಯುವುದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಗುವುದಿಲ್ಲ. ಕೇಳಲೂ ಇಲ್ಲ.

ಕೊನೆಗೆ ಕೊಂಡದ್ದು ಕಾರ್ಬನ್ ಫೈಬರಿನ ನಾಲ್ಕು ಮಡಿಕೆಯ ಕಾಲು, ಮೇಲಿನ ಕೊಳವೆ 32 ಮಿಲಿಮೀಟರ್ ದಪ್ಪ, ನಡುಕಂಬ ಇಲ್ಲ. ಅಷ್ಟೇನೂ ಹೆಸರಿಲ್ಲದ ಕಂಪನಿ, ಮಾಡೆಲ್ ನಂಬರ್ ಪ್ರತಿ ವರ್ಷ ಬದಲಾಗುತ್ತದೆ, ಆದ್ದರಿಂದ ಅಳತೆ ಹೇಳುವುದೇ ಉಪಯೋಗ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ 1.7 ಕಿಲೋ. ಪೂರ್ತಿ ಎಳೆದರೆ 58 ಇಂಚು. ಕಾಲಿಗೆ 450 ಡಾಲರ್, ಹೆಡ್ಡಿಗೆ 180.

ಅಂಗಡಿಯಲ್ಲಿ ಆರಿಸುವ ರೀತಿ ಹೇಳುತ್ತೇನೆ, ಇದು ಗೆಳೆಯ ಕಲಿಸಿದ್ದು. ಅಂಗಡಿಯವರು ಟ್ರೈಪಾಡನ್ನು ಕಾರ್ಪೆಟ್ ಮೇಲೆ ನಿಲ್ಲಿಸಿ ಮೇಲಿಂದ ಒತ್ತಿ ತೋರಿಸುತ್ತಾರೆ. ಮೇಲಿಂದ ಒತ್ತಿದರೆ ಪೊರಕೆ ಕಡ್ಡಿಯೂ ನಿಲ್ಲುತ್ತದೆ. ಅದನ್ನು ಗಟ್ಟಿ ನೆಲಕ್ಕೆ ತನ್ನಿ. ತಲೆಯ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುಚಿ. ಸಪೂರ ಕಾಲಿನದ್ದು ಆಗ ಮೈ ತಿರುವುತ್ತದೆ. ಆಮೇಲೆ ನಿಮ್ಮ ಸ್ವಂತ ಬೈನಾಕ್ಯುಲರ್ ಹಾಕಿ, ಅಂಗಡಿಯ ಆ ತುದಿಯ ಬೆಲೆಚೀಟಿ ನೋಡುತ್ತಾ, ಹಲಸಿನಕಾಯಿ ತಟ್ಟಿದ ಹಾಗೆ ಒಂದು ಕಾಲಿಗೆ ಬೆರಳಲ್ಲಿ ತಟ್ಟಿ. ಅಕ್ಷರ ಮತ್ತೆ ನಿಲ್ಲುವವರೆಗೆ ಎಣಿಸಿ. ನನ್ನ ಹಳೆಯದರಲ್ಲಿ ಐದು ಎಣಿಸುವವರೆಗೂ ನಡುಗುತ್ತಿತ್ತು. ಇದರಲ್ಲಿ ಎರಡಕ್ಕೆ ನಿಂತಿತು. ಅಲ್ಲೇ ದುಡ್ಡು ಕೊಟ್ಟೆ.

ಹೆಡ್ ಆರಿಸುವುದು ಇನ್ನೂ ತಲೆನೋವು. ಬಾಲ್ ಹೆಡ್ ಯಾವ ಕಡೆಗೆ ಬೇಕಾದರೂ ವಾಲುತ್ತದೆ, ಅದೇ ಅದರ ಗುಣ, ಅದೇ ಅದರ ದೋಷ. ಪ್ಯಾನ್ ಹೆಡ್ ಎಡಬಲಕ್ಕೆ ತಿರುಗುತ್ತದೆ, ಮೇಲೆ ಕೆಳಗೆ ಬಾಗುತ್ತದೆ, ಬೇರೆ ಚೇಷ್ಟೆ ಇಲ್ಲ. ಸಾಲು ಹಿಡಿದು ನೋಡುವುದಕ್ಕೆ ಅದೇ ಸರಿ. ಆದರೆ ಬೆಟ್ಟದಲ್ಲಿ ಸಮ ನೆಲ ಎಲ್ಲಿದೆ? ಕಾಲು ಓರೆಯಾಗಿ ನಿಂತರೆ ಪ್ಯಾನ್ ಹೆಡ್ಡೂ ಓರೆ, ಮೇಲಿರುವ ರೈಫಲ್ಲೂ ಓರೆ. ರೈಫಲ್ ಪಕ್ಕಕ್ಕೆ ವಾಲಿದ್ದರೆ ದೂರ ಹೆಚ್ಚಿದಷ್ಟೂ ಗುಂಡು ಆ ಪಕ್ಕಕ್ಕೆ ಸರಿಯುತ್ತದೆ. ಪ್ರತಿ ಸಲ ಕಾಲು ಉದ್ದ ಗಿಡ್ಡ ಮಾಡಿ ಮಟ್ಟಸ ಮಾಡುವಷ್ಟು ಹೊತ್ತು ಡಿಯರ್ ಕಾಯುವುದಿಲ್ಲ, ಅಲ್ವಾ? ಇದಕ್ಕೆ ಲೆವೆಲಿಂಗ್ ಬೇಸ್ ಅಂತ ಬರುತ್ತದೆ. ಹೆಡ್ಡಿನ ಕೆಳಗೆ ಕೂರುವ ಅರ್ಧ ಚೆಂಡಿನಂಥದ್ದು. ಕೆಳಗಿನ ಹಿಡಿ ಸಡಿಲಿಸಿ, ಮಟ್ಟ ತೋರಿಸುವ ನೀರಿನ ಗುಳ್ಳೆ ನಡುವೆ ಬರುವ ಹಾಗೆ ಮಾಡಿ ಬಿಗಿ ಮಾಡಿದರೆ ಮುಗಿಯಿತು. ಆಮೇಲೆ ಎತ್ತ ತಿರುಗಿಸಿದರೂ ಮಟ್ಟ ತಪ್ಪುವುದಿಲ್ಲ. 250 ಗ್ರಾಂ ಜಾಸ್ತಿಯಾಯಿತು. ಬೇರೆ ಎಲ್ಲಾದರೂ ತೂಕ ಕಡಿಮೆ ಮಾಡಿಕೊಳ್ಳಿ, ಇಲ್ಲಿ ಬೇಡ.

ಬೈನಾಕ್ಯುಲರಿಗೂ ರೈಫಲಿಗೂ ಒಂದೇ ಥರದ ಆರ್ಕಾ ಪ್ಲೇಟ್, ಅಂದರೆ ಹೆಡ್ಡಿನ ಕ್ಲ್ಯಾಂಪಿಗೆ ಸಿಕ್ಕಿಸುವ ಪಟ್ಟಿ, ಹಾಕಿಸಿದ್ದೇನೆ. ಬೈನಾಕ್ಯುಲರಿನ ನಡುವಿನ ಕೀಲಿನ ಮುಂದಿರುವ ಮುಚ್ಚಳ ತಿರುಗಿಸಿದರೆ ಒಳಗೆ ತಿರುಪಿನ ತೂತಿರುತ್ತದೆ, ಅಡಾಪ್ಟರ್ ಅಲ್ಲಿಗೆ. ರೈಫಲ್ ಕೆಳಗೆ ಒಂದು ಉದ್ದದ ಹಳಿ. ಅದನ್ನು ಹಿಡಿಯುವ ಕ್ಲ್ಯಾಂಪ್ ಎರಡು ಥರ, ಲಿವರ್ ಮತ್ತು ತಿರುಪು. ಲಿವರ್ ಚಕ್ ಅಂತ ಮುಚ್ಚುತ್ತದೆ, ಚೆಂದ. ಆದರೆ ಒಂದು ಕಂಪನಿಯ ಲಿವರಿಗೆ ಇನ್ನೊಂದು ಕಂಪನಿಯ ಹಳಿ ಕೂದಲೆಳೆ ಸಣ್ಣದಾದರೂ ಮುಚ್ಚಿದ ಹಾಗೆ ಕಾಣಿಸಿ ಸಡಿಲ ಉಳಿಯುತ್ತದೆ. ಒಮ್ಮೆ ರೈಫಲ್ ಬಿದ್ದ ಸದ್ದು ಕೇಳಿದವನು ನಾನು. ತಿರುಪಿನದ್ದೇ ತಗೊಂಡೆ.

ಬೈನಾಕ್ಯುಲರ್ ತೆಗೆದು ರೈಫಲ್ ಹಾಕುವುದನ್ನು ಮನೆಯ ಹಿತ್ತಲಲ್ಲಿ, ಖಾಲಿ ರೈಫಲಿನಲ್ಲಿ, ಕೈಗವಸು ಹಾಕಿಕೊಂಡು ಕಲಿತೆ. ಹೆಂಡತಿ ಕಿಟಕಿಯಿಂದ ನೋಡಿ ಏನೂ ಹೇಳದೆ ಪರದೆ ಎಳೆದಳು. ಈಗ 12 ಸೆಕೆಂಡ್ ಸಾಕು. ಇಷ್ಟೆಲ್ಲ ಯಾಕೆ, ರೈಫಲ್ ಸ್ಕೋಪಿನಲ್ಲೇ ನೋಡಬಹುದಲ್ಲ ಅನ್ನುವವರು ಇದ್ದಾರೆ. ಬೇಡ. ಇಲ್ಲಿ ರೈಫಲ್ ಸೀಸನ್ನಿನಲ್ಲಿ ಬೇಟೆಗಾರರೆಲ್ಲರೂ, ಎದ್ದು ಕಾಣಲಿ ಅಂತ, 500 ಚದರ ಇಂಚು ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಲೇಬೇಕು ಅಂತ ಕಾನೂನಿದೆ ನಿಜ. ಆದರೆ ಎದುರು ಬೆಟ್ಟದಲ್ಲಿ ಕಾಣಿಸುವ ಕಿತ್ತಳೆ ಚುಕ್ಕೆ ಒಬ್ಬ ಮನುಷ್ಯ. ಅವನ ಕಡೆ ನಳಿಗೆ ತಿರುಗಿಸಿ ಯಾರು ಅಂತ ನೋಡುವುದು ಅಂದರೆ ಏನು?

ಎರಡು ಸೀಸನ್ ಆಯಿತು. ಕೂತು ಹೊಡೆಯುವಾಗ 300 ಗಜದವರೆಗೆ ನನಗೆ ನಂಬಿಕೆ ಇದೆ. ಮೊಣಕಾಲೂರಿ 200. ನಿಂತು ಹೊಡೆಯಬೇಕಾದರೆ 150ಕ್ಕೆ ನಿಲ್ಲಿಸುತ್ತೇನೆ. 58 ಇಂಚಿನವರೆಗೆ ಎಳೆದಾಗ ಕೊನೆಯ ಸಪೂರ ಮಡಿಕೆ ತನ್ನ ಬುದ್ಧಿ ತೋರಿಸುತ್ತದೆ. ಆದರೂ ಆ ಎತ್ತರ ಬೇಕು. ಸೇಜ್‌ಬ್ರಶ್ ಪೊದೆ ಸೊಂಟದವರೆಗೆ ಬೆಳೆದ ಕಡೆ ಕೂತರೆ ಎಲೆ ಬಿಟ್ಟು ಇನ್ನೇನೂ ಕಾಣಿಸುವುದಿಲ್ಲ. ಇಳಿಜಾರಿನಲ್ಲಿ ಒಂದು ಕಾಲು ಕೆಳಗೆ, ಎರಡು ಮೇಲೆ. ಗಾಳಿ ಇದ್ದರೆ ಬ್ಯಾಗನ್ನು ಕೆಳಗೆ ನೇತುಹಾಕುತ್ತೇನೆ, ಆದರೆ ಬ್ಯಾಗಿನ ತಳ ನೆಲಕ್ಕೆ ತಾಗಿರಬೇಕು. ಇಲ್ಲದಿದ್ದರೆ ಅದೇ ತೊಟ್ಟಿಲ ಹಾಗೆ ತೂಗಿ ಎಲ್ಲವನ್ನೂ ಅಲ್ಲಾಡಿಸುತ್ತದೆ.

ದೂರು ಇಲ್ಲ ಅಂತಲ್ಲ. ಕಾಲಿನ ಬೀಗಗಳು ತಿರುಗಿಸುವ ಥರದವು. ಇದನ್ನು ಒಯ್ದ ಮೊದಲ ಸೀಸನ್ನಿನ ಎರಡನೇ ದಿನ ಹಿಮ ಒಳಗೆ ಸೇರಿ, ಮಧ್ಯಾಹ್ನ ಕರಗಿ, ರಾತ್ರಿ ಹೆಪ್ಪುಗಟ್ಟಿತು. ಬೆಳಿಗ್ಗೆ ಒಂದು ಕಾಲು ಬಿಡಿಸಲಿಕ್ಕೇ ಆಗಲಿಲ್ಲ. ಜಾಕೆಟ್ ಒಳಗೆ ತುರುಕಿ ಮಗುವಿನ ಹಾಗೆ ಅಪ್ಪಿಕೊಂಡು ಕೂತೆ, ಅರ್ಧ ಗಂಟೆ ಹೋಯಿತು. ಈಗ ಕತ್ತಲಾದ ಮೇಲೆ ಕಾಲುಗಳನ್ನು ಒರೆಸಿ ಟೆಂಟಿನೊಳಗೇ ಇಡುತ್ತೇನೆ. ಜೊತೆಗೆ ಬಂದ ರಬ್ಬರ್ ಪಾದಗಳು ಬಂಡೆಗೆ ಸರಿ, ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಜಾರುತ್ತವೆ. ಮೊಳೆ ಪಾದಗಳಿಗೆ ಬೇರೆ 30 ಡಾಲರ್.

ಕಳೆದ ಅಕ್ಟೋಬರಿನಲ್ಲಿ 240 ಗಜದಲ್ಲಿ ಒಂದೇ ಈಡು. ಅದೇ ಗನ್ನಿಸನ್ ದಿಣ್ಣೆ, ಬಹುಶಃ ಅದೇ ಬಂಡೆ. ಮಾಂಸ ಕೆಳಗೆ ಹೊತ್ತು ತರಲು ಇಬ್ಬರಿಗೆ ಎರಡು ಸಲ ಹತ್ತಿ ಇಳಿಯಬೇಕಾಯಿತು. ಎರಡನೇ ಸಲ ಹೋಗುವಾಗ ಟ್ರೈಪಾಡನ್ನು ಕಾರಿನಲ್ಲೇ ಬಿಟ್ಟು ಹೋದೆ, ಅಷ್ಟು ಸಾಕಾಗಿತ್ತು. ಆ ವಾರ ಊರಿಗೆ ವಿಡಿಯೊ ಕಾಲ್ ಮಾಡಿ ದೊಡ್ಡಪ್ಪನಿಗೆ ಟ್ರೈಪಾಡ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಕೋವಿಗೆ ಮೂರು ಕಾಲಾದರೆ ನಿನಗೆ ಎರಡು ಯಾಕೋ?" ಅಂದರು.

ಹಳೆಯ ಟ್ರಾವೆಲ್ ಟ್ರೈಪಾಡ್ ಈಗ ಮಗಳ ಭರತನಾಟ್ಯದ ವಿಡಿಯೊ ತೆಗೆಯಲು. ಬೇಸ್‌ಮೆಂಟಿನಲ್ಲಿ ಗಾಳಿ ಇಲ್ಲ, ಫೋನಿಗೆ ತೂಕ ಇಲ್ಲ. ಅವಳು ಜೋರಾಗಿ ತಟ್ಟುಮೆಟ್ಟು ಹಾಕಿದಾಗ ಮಾತ್ರ ಸ್ವಲ್ಪ ನಡುಗುತ್ತದೆ.