ಕೊರಿಯನ್ ದಿನಸಿ: ಮನೆಯವರೇ ನಡೆಸುವ ಅಂಗಡಿಯೋ, ದೊಡ್ಡ ಮಳಿಗೆಯೋ?

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 1982ರಲ್ಲಿ ಒಂದೇ ಅಂಗಡಿಯಾಗಿ ಆರಂಭವಾದ ಎಚ್ ಮಾರ್ಟ್ ಎಂಬ ಕೊರಿಯನ್ ದಿನಸಿ ಮಳಿಗೆ ಇಂದು ಅಮೆರಿಕದ ಹಲವು ರಾಜ್ಯಗಳಿಗೆ ಹಬ್ಬಿದ್ದು, ಮೀನು, ಮಾಂಸ, ಸೊಪ್ಪು, ನೂಡಲ್ಸ್ ಎಲ್ಲವನ್ನೂ ಒಂದೇ ಕಡೆ ಕೊಳ್ಳಬೇಕೆನ್ನುವವರಿಗೆ ಅದೇ ಅನುಕೂಲ. ಗೋಚುಜಾಂಗ್ ಎಂಬ ಹುದುಗಿಸಿದ ಮೆಣಸಿನಕಾಯಿ ಪೇಸ್ಟಿನಂಥ ಡಬ್ಬಿಯ ಸರಕೂ ಅಲ್ಲಿ ಸಾಮಾನ್ಯವಾಗಿ ಅಗ್ಗ.

ಆದರೆ ಎಲೆಕೋಸಿನಂಥ ತರಕಾರಿಗೆ ಉಪ್ಪು, ಖಾರ ಹಾಕಿ ಹುದುಗಿಸಿದ ಕಿಮ್ಚಿಯ ವಿಷಯದಲ್ಲಿ ನನ್ನ ಒಲವು ಕುಟುಂಬವೊಂದು ನಡೆಸುವ ಚಿಕ್ಕ ಅಂಗಡಿಯ ಕಡೆಗೇ. ಅಂಥ ಅನೇಕ ಅಂಗಡಿಗಳಲ್ಲಿ ಕಿಮ್ಚಿಯನ್ನೂ, ಅನ್ನದೊಡನೆ ನೆಂಚಿಕೊಳ್ಳುವ ಬಾಂಚನ್‌ಗಳನ್ನೂ ಮಾಲೀಕರೇ ತಯಾರಿಸುವುದರಿಂದ, ಹೊಸದಾಗಿ ಹಾಕಿದ್ದು ಯಾವುದು, ಚೆನ್ನಾಗಿ ಹುಳಿ ಬಂದಿರುವುದು ಯಾವುದು ಎಂದು ಅವರನ್ನೇ ಕೇಳಿ ಆರಿಸಿಕೊಳ್ಳಬಹುದು; ಹೊಸದು ಹಾಗೆಯೇ ತಿನ್ನಲು ಚೆನ್ನ, ಹುಳಿತದ್ದು ಕಿಮ್ಚಿ ಜಿಗೆ ಎಂಬ ಖಾರದ ಸಾರಿಗೆ ಹೊಂದುತ್ತದೆ. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪಿನಲ್ಲಿ ಹುದುಗಿಸಿದ ಸೀಗಡಿಯನ್ನೋ ಮೀನಿನ ರಸವನ್ನೋ ಸೇರಿಸುವ ಕಾರಣ, ನಮ್ಮ ಕಡೆಯ ಸಸ್ಯಾಹಾರಿಗಳು ಹೀಗೆ ಕೇಳಿ ತಿಳಿಯುವುದು ಅತ್ಯಗತ್ಯ.