ಪಾಳಿ, ಹೋಮ್ ನರ್ಸ್, ಆರೈಕೆ ಕೇಂದ್ರ: ಅವ್ವನಿಗೆ ಯಾವುದು ಹೊಂದಿತು?

ವಯಸ್ಸಾದವರನ್ನು ಆರೈಕೆ ಕೇಂದ್ರಕ್ಕೆ ಯಾವಾಗ ಸೇರಿಸಬೇಕು ಅಂತ ಯಾರಾದರೂ ಕೇಳಿದರೆ, ರಾತ್ರಿ ಅವರ ಜೊತೆ ಯಾರು ಏಳುತ್ತಾರೆ ಅಂತ ನಾನು ತಿರುಗಿ ಕೇಳುತ್ತೇನೆ. ಹಗಲು ಹೇಗೋ ಸಾಗುತ್ತದೆ. ಅವ್ವನಿಗಾಗಿ ನಾವು ಮೂರು ದಾರಿ ನೋಡಿದೆವು. ಅವುಗಳ ನಡುವಿನ ನಿಜವಾದ ವ್ಯತ್ಯಾಸ ತಿಳಿದಿದ್ದು ರಾತ್ರಿಯಲ್ಲೇ.

ಮೊದಲು ಪಾಳಿ. ಬಾಗಲಕೋಟೆಯ ನವನಗರದಲ್ಲಿ ನಾನು, ವಿಜಯಪುರದಲ್ಲಿ ಅಕ್ಕ, ಬೆಳಗಾವಿಯಲ್ಲಿ ತಮ್ಮ. ಒಬ್ಬೊಬ್ಬರ ಮನೆಯಲ್ಲಿ ಕೆಲವು ತಿಂಗಳು. ಖರ್ಚು ಕಡಿಮೆ, ಮೊಮ್ಮಕ್ಕಳ ಜೊತೆ ಮಾತು ಜಾಸ್ತಿ. ನೆನಪು ಸರಿ ಇರುವವರೆಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಮರೆವು ಶುರುವಾದ ಮೇಲೆ ಮಾತ್ರ ಬೇಡವೇ ಬೇಡ. ಒಂದೊಂದು ಮನೆಯಲ್ಲಿ ಬಚ್ಚಲು ಒಂದೊಂದು ಕಡೆ, ಸ್ವಿಚ್ ಒಂದೊಂದು ಕಡೆ. ಕತ್ತಲಲ್ಲಿ ಗೋಡೆ ಸವರುತ್ತಾ ಬಾಗಿಲು ಹುಡುಕುವಾಗಲೇ ಬೀಳುವುದು.

ಆಮೇಲೆ ಅವ್ವನನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡು ಹೋಮ್ ನರ್ಸ್ ಇಟ್ಟೆವು. ಬಂದ ಹೆಣ್ಣುಮಗಳು ತುಂಬಾ ಒಳ್ಳೆಯವಳು. ರೊಟ್ಟಿಯನ್ನು ಸಣ್ಣಗೆ ಮುರಿದು ಹಾಲಲ್ಲಿ ನೆನೆಸಿ, ಮೆತ್ತಗಾದ ಮೇಲೆ ತುತ್ತು ತುತ್ತಾಗಿ ಉಣಿಸುತ್ತಿದ್ದಳು. ಅವ್ವನ ತಲೆ ಬಾಚುವಾಗ ಸುಮ್ನೆ ಮಾತಾಡುತ್ತಾ ಕೂರುತ್ತಿದ್ದಳು. ಆದರೆ ಹಗಲೆಲ್ಲ ದುಡಿದವರು ರಾತ್ರಿ ಮಲಗಲೇಬೇಕು, ಅಲ್ವಾ? ಹಗಲಿಗೊಬ್ಬರು, ರಾತ್ರಿಗೊಬ್ಬರು ಅಂದರೆ ಸಂಬಳ ಎರಡು. ಹಬ್ಬಕ್ಕೆ ಊರಿಗೆ ಹೋದರೆ ಬದಲಿ ಸಿಗುವುದಿಲ್ಲ. ಏಜೆನ್ಸಿಯಿಂದ ಬರುವವರೆಲ್ಲ ನರ್ಸಿಂಗ್ ಓದಿರುವುದಿಲ್ಲ. ಇನ್ಸುಲಿನ್ ಕೊಡಲು, ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಬರುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಸ್ವಂತ ಮನೆಯಲ್ಲಿದ್ದರೆ ಮನಸ್ಸಿಗೆ ಸಮಾಧಾನ ಅನ್ನುತ್ತಾರೆ. ಅವ್ವನ ವಿಷಯದಲ್ಲಿ ಆ ಮಾತು ನಿಲ್ಲಲಿಲ್ಲ. ಸಂಜೆಯಾದರೆ ಸಾಕು, ಸೀರೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದು "ನಡೀರಿ, ಮನಿಗೆ ಹೋಗೂಣು" ಅನ್ನುತ್ತಿದ್ದಳು. ಅವಳು ಕೇಳುತ್ತಿದ್ದುದು ಹಳೆ ಬಾಗಲಕೋಟೆಯ ಮನೆ. ಅದು ಆಲಮಟ್ಟಿ ಹಿನ್ನೀರಲ್ಲಿ ಮುಳುಗಿ ಎಷ್ಟೋ ವರ್ಷವಾಯಿತು. ನವನಗರದ ಮನೆ ಅವಳ ನೆನಪಲ್ಲಿ ಇರಲೇ ಇಲ್ಲ. ಮನೆ ಬಿಡಿಸಿದಂತಾಗುತ್ತದೆ ಅನ್ನುವ ನಮ್ಮ ಅಳುಕು ಕಡಿಮೆಯಾಗಿದ್ದು ಇದರಿಂದಲೇ.

ಕೊನೆಗೆ ಬೆಳಗಾವಿಯ ಒಂದು ಆರೈಕೆ ಕೇಂದ್ರದಲ್ಲಿ ಮೊದಲು ಪ್ರಯೋಗಕ್ಕೆ ಅಂತ ಬಿಟ್ಟೆವು. ಅಲ್ಲಿ ರಾತ್ರಿ ಎಚ್ಚರ ಇರುವುದೇ ಕೆಲಸವಾಗಿರುವ ಜನ ಇದ್ದಾರೆ. ಮಂಚ ತಗ್ಗು, ಬಚ್ಚಲಲ್ಲಿ ಹಿಡಿಕೆ, ಎತ್ತಿ ಕೂರಿಸಲು ಇಬ್ಬರು. ಕಷ್ಟ ಬಂದಿದ್ದು ಊಟದಲ್ಲಿ. ಚಪಾತಿಯನ್ನು ಅವ್ವ ಮುಟ್ಟಲಿಲ್ಲ. ಜೋಳದ ನುಚ್ಚು, ಮಜ್ಜಿಗೆ ಮಾಡಿಸಿಕೊಡಿ ಅಂತ ಕೇಳಿದ ಮೇಲೆ ಉಂಡಳು. ಸಿಬ್ಬಂದಿಯಲ್ಲಿ ಮರಾಠಿಯವರು ಜಾಸ್ತಿ, ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ರಾತ್ರಿ ಪಾಳಿಯಲ್ಲಿ ಕನ್ನಡ ಬರುವವರು ಒಬ್ಬರಾದರೂ ಬೇಕು ಅಂತ ಪಟ್ಟು ಹಿಡಿದೆವು. ಕೊಟ್ಟರು.

ಹಾಗಾದರೆ ಯಾವಾಗ? ವೈದ್ಯರು ಆರು ಕೆಲಸ ನೋಡುತ್ತಾರೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹತೋಟಿ, ಉಣ್ಣುವುದು. ಸಾಮಾನ್ಯವಾಗಿ ಮೊದಲು ತಪ್ಪುವುದು ಸ್ನಾನ, ಕೊನೆಗೆ ಉಣ್ಣುವುದು. ಸ್ನಾನಕ್ಕೆ, ಬಟ್ಟೆಗೆ ಮಾತ್ರ ಸಹಾಯ ಬೇಕಿದ್ದರೆ ಮನೆಯಲ್ಲೇ ಒಬ್ಬರು ಸಾಕು. ಹಾಸಿಗೆಯಿಂದ ಎಬ್ಬಿಸಲು, ಶೌಚಕ್ಕೆ ಕರೆದೊಯ್ಯಲು ರಾತ್ರಿಯೂ ಕೈ ಬೇಕಾಯಿತು ಅಂದರೆ ಕೇಂದ್ರವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ತೀರಾ ತಡ ಮಾಡಬೇಡಿ. ಎಷ್ಟೋ ವೃದ್ಧಾಶ್ರಮಗಳು ತಾವಾಗಿ ಓಡಾಡುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ.

ಒಂದು ಎಚ್ಚರಿಕೆ. ಗೊಂದಲ ದಿಢೀರನೆ ಶುರುವಾಗಿದ್ದರೆ ಯಾವ ನಿರ್ಧಾರಕ್ಕೂ ಮೊದಲು ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಸೋಡಿಯಂ ಇಳಿಯುವುದು ಇಂಥವುಗಳಿಂದಲೂ ಹಿರಿಯರು ತಬ್ಬಿಬ್ಬಾಗುತ್ತಾರೆ. ಚಿಕಿತ್ಸೆ ಕೊಟ್ಟರೆ ಸುಧಾರಿಸುತ್ತಾರೆ. ಎಲ್ಲಿ ವಿಚಾರಿಸಬೇಕು ಅಂತ ತಿಳಿಯದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಕರೆ ಉಚಿತ.

ಕೇಂದ್ರ ಆರಿಸುವಾಗ ಚಂದದ ಕಟ್ಟಡಕ್ಕಿಂತ ಹತ್ತಿರ ಇರುವುದನ್ನು ನೋಡಿ. ನಾವು ಬೆಳಗಾವಿ ಆರಿಸಿದ್ದು ತಮ್ಮನ ಮನೆ ಅಲ್ಲಿದೆ ಅಂತಲೇ. ಆಫೀಸ್ ಮುಗಿಸಿ ಹೇಳದೆ ಕೇಳದೆ ಹೋಗಿ ಅವ್ವನ ಹಾಸಿಗೆ ಒಣಗಿದೆಯಾ, ನೀರಿನ ಲೋಟ ಕೈಗೆ ಸಿಗುವ ಹಾಗಿದೆಯಾ ಅಂತ ಅವನು ನೋಡಿಕೊಂಡು ಬರುತ್ತಾನೆ.