ಸೀ ಲಯನ್ನಾ, ಹ್ಯಾಲಿಫ್ಯಾಕ್ಸಾ? 1940ನ್ನ ತಿರುಗಿಸಿ ಕಥೆ ಬರೆಯೋರಿಗೆ

‘ಹೀಗಾಗಿದ್ರೆ?’ ಅಂತ ಕಥೆ ಬರೆಯೋಕೆ ಹೊರಟವ್ರು 1940ಕ್ಕೆ, ಅಂದ್ರೆ ಎರಡನೇ ಮಹಾಯುದ್ಧದ ಹೊತ್ತಿಗೆ ಬಂದ್ರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಹಿಡೀತಾರೆ, ಜರ್ಮನಿ ಕಡಲು ದಾಟಿ ಇಂಗ್ಲೆಂಡಿಗೆ ನುಗ್ಗೋದು, ಇಲ್ಲಾಂದ್ರೆ ಚರ್ಚಿಲ್ ಬದಲು ಆಗಿನ ವಿದೇಶಾಂಗ ಮಂತ್ರಿ ಹ್ಯಾಲಿಫ್ಯಾಕ್ಸ್ ಬ್ರಿಟನ್ ಪ್ರಧಾನಿ ಆಗೋದು.

ಮೊದಲನೇದು, ಅಂದ್ರೆ ಆಪರೇಷನ್ ಸೀ ಲಯನ್, ನೋಡೋಕೆ ಭರ್ಜರಿ ಆದ್ರೆ ಲೆಕ್ಕ ಕೂರಲ್ಲ. ನಾರ್ವೆಯ ನಾರ್ವಿಕ್ ಕಾಳಗದಲ್ಲೇ ಜರ್ಮನಿ 10 ಡೆಸ್ಟ್ರಾಯರ್ ಯುದ್ಧನೌಕೆ ಕಳ್ಕೊಂಡಿತ್ತು, ಸೈನಿಕರನ್ನ ದಾಟಿಸೋಕೆ ನದೀಲಿ ಸರಕು ಸಾಗಿಸೋ ದೋಣಿಗಳನ್ನ ಒಟ್ಟು ಹಾಕ್ತಿದ್ರು, ಎದುರಿಗೆ ನೋಡಿದ್ರೆ ಬ್ರಿಟನ್ನಿನ ನೌಕಾಪಡೆ ರಾಯಲ್ ನೇವಿ! ಸೆಪ್ಟೆಂಬರ್ 17ಕ್ಕೆ ಹಿಟ್ಲರೇ ಮುಂದಕ್ಕೆ ಹಾಕಿದ. ಇದನ್ನ ಗೆಲ್ಲಿಸ್ಬೇಕಂದ್ರೆ ನೀವು ಹತ್ತು ಸಂಗತಿ ಬದಲಾಯಿಸ್ಬೇಕು, ಓದುಗ ಮೂರನೇದಕ್ಕೇ ಕೈ ಎತ್ತಿಬಿಡ್ತಾನೆ.

ಹ್ಯಾಲಿಫ್ಯಾಕ್ಸ್‌ದು ಹಾಗಲ್ಲ, ಒಂದು ‘ಹೂಂ’ ಸಾಕು. ಆಗಿನ ಪ್ರಧಾನಿ ಚೇಂಬರ್ಲೇನ್ ಮನಸ್ಸು ಅವ್ರ ಕಡೇನೇ ಇತ್ತು, ತಾನು ಜನ ಆರಿಸದ ಮೇಲ್ಮನೆ ಲಾರ್ಡ್ಸ್ ಸಭೆಯವ್ನು ಅಂತ ಹ್ಯಾಲಿಫ್ಯಾಕ್ಸೇ ಹಿಂದೆ ಸರಿದ್ರು, ಮೇ 10ಕ್ಕೆ ಚರ್ಚಿಲ್ ಬಂದ್ರು. ಆಮೇಲೆ ಮೇ 26ರಿಂದ 28ರವರೆಗೆ ವಾರ್ ಕ್ಯಾಬಿನೆಟ್‌ನಲ್ಲಿ ಇಟಲಿ ಮೂಲಕ ಜರ್ಮನಿ ಜೊತೆ ಸಂಧಿ ಸಾಧ್ಯಾನಾ ನೋಡೋಣ ಅಂತ ವಾದ ಮಾಡಿದ್ದೂ ಇದೇ ಹ್ಯಾಲಿಫ್ಯಾಕ್ಸ್, ಅದೂ ಫ್ರಾನ್ಸಿನ ಡಂಕರ್ಕ್‌ನಲ್ಲಿ ಸಿಕ್ಕಿಬಿದ್ದ ಸೈನಿಕರಲ್ಲಿ ಎಷ್ಟು ಜನ ವಾಪಸ್ ಬರ್ತಾರೆ ಅಂತ ಯಾರಿಗೂ ಗೊತ್ತಿಲ್ದೇ ಇದ್ದಾಗ. ಇನ್ನೊಂದು, 1931ರಲ್ಲಿ ಗಾಂಧೀಜಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ವೈಸ್‌ರಾಯ್ ಲಾರ್ಡ್ ಇರ್ವಿನ್ ಇವ್ರೇ, ಹಾಗಾಗಿ ಭಾರತದ ಕಥೆ ಬೇರೆ ದಾರಿ ಹಿಡಿಯೋಕೂ ಜಾಗ ಇದೆ.

ಟ್ಯಾಂಕು, ಬಾಂಬು ಬೇಕೇ ಬೇಕು ಅನ್ನೋರು ಸೀ ಲಯನ್‌ಗೆ ಹೋಗಿ. ನನ್ನ ಓಟು ಹ್ಯಾಲಿಫ್ಯಾಕ್ಸ್‌ಗೆ, ಅರ್ಧ ಕಥೆ ಮೀಟಿಂಗಲ್ಲೇ ಮುಗಿದ್ರೂ ಪರ್ವಾಗಿಲ್ಲ.